ಲೈನ್‌ಮನ್ ಶಶಿಧರನ ತಗ್ಗಿದ ಕಾರು

ಮಾದಾಪುರದ ಬಸ್ ನಿಲ್ದಾಣದ ಎದುರಿನ ರಸ್ತೆ ಹಂಪಿನ ಮೇಲೆ ಲೈನ್‌ಮನ್ ಶಶಿಧರನ ಕಾರು ಏತದಂತೆ ಕುಳಿತುಬಿಟ್ಟಿತು. ಮುಂದಿನ ಚಕ್ರ ದಾಟಿದೆ, ಹಿಂದಿನದು ದಾಟಿಲ್ಲ, ಹೊಟ್ಟೆ ಡಾಂಬರಿಗೆ ಕಚ್ಚಿಕೊಂಡಿದೆ. ಸೋಮವಾರಪೇಟೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸನ್ನು ಮರೆತು ಇತ್ತ ತಿರುಗಿದರು. ಹೆಂಡತಿ ಕಮಲ ಇಳಿದು, ಹಂಪನ್ನು ನಡೆದು ದಾಟಿ, ಆಚೆ ನಿಂತಳು. ಅವಳ ಭಾರ ಇಳಿದ ಮೇಲೆ ಕಾರು ಕರಕರ ಕೆರೆದುಕೊಂಡು ದಾಟಿತು. ಮತ್ತೆ ಹತ್ತಿ ಕುಳಿತವಳು ಕೇಳಿದ್ದು ಇಷ್ಟೇ: "ಮುಂದಿನ ಹಂಪು ಎಲ್ಲಿ? ಹೇಳಿದ್ರೆ ಈಗಿಂದಲೇ ನಡೀತೇನೆ."

ಶಶಿಧರನಿಗೆ ಆ ಮಾತಿಗಿಂತ, ಮನೆ ತಲುಪಿದ ಮೇಲೆ ಕಂಡ ಎಣ್ಣೆ ಹೆಚ್ಚು ಚುಚ್ಚಿತು. ಮುಂದಿನ ಬಲಗಡೆಯ ಶಾಕ್ ಅಬ್ಸಾರ್ಬರ್ ಸೋರುತ್ತಿತ್ತು. ಅದಕ್ಕೆ ಮೊದಲೇ, ಒಂದು ವಾರದಿಂದ, ಗೇರ್‌ಬಾಕ್ಸ್ ಬಿಕ್ಕಳಿಸುತ್ತಿತ್ತು. ಶಾಕ್ ಆದರೆ ಹೇಗೋ ತಡೆದುಕೊಳ್ಳಬಹುದು, ಹೆಸರೇ ಶಾಕ್. ಗೇರ್‌ಬಾಕ್ಸನ್ನು ಕೈಯಿಂದ ದುಡ್ಡು ಕೊಟ್ಟು ಹಾಕಿಸುವುದೆಂದರೆ ಕಾರನ್ನೇ ಮಾರಬೇಕು. ಕಾಗದದಲ್ಲಿ ವಾರಂಟಿ ಇನ್ನೂ ಎರಡು ವರ್ಷ ಇತ್ತು, ನಿಜಕ್ಕೂ ಇದೆಯೋ ಇಲ್ಲವೋ ಎಂಬುದೇ ಈಗಿನ ಪ್ರಶ್ನೆ.

ಪ್ರಶ್ನೆ ಹುಟ್ಟಿದ್ದು ಅವನ ಕೈಯಿಂದಲೇ. ಕಾರು ತಂದು ತಿಂಗಳಾಗುವುದರೊಳಗೆ ಕುಶಾಲನಗರದ ಸಣ್ಣಸ್ವಾಮಿಯ ಗ್ಯಾರೇಜಿಗೆ ಹೋಗಿ, ಕಂಪನಿಯ ನಾಲ್ಕು ಸ್ಪ್ರಿಂಗ್ ಬಿಚ್ಚಿಸಿ, ಗಾಡಿಯನ್ನು ಎರಡಿಂಚು ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದ. ಇಪ್ಪತ್ತು ವರ್ಷ ಕಂಬ ಹತ್ತಿದ ಮನುಷ್ಯ ಕಾರನ್ನು ಯಾಕೆ ಇಳಿಸಿದ ಎಂದು ಊರೆಲ್ಲ ತಲೆ ಕೆಡಿಸಿಕೊಂಡಿತು. ನಲವತ್ತೈದು ದಾಟಿದ ಮೇಲೆ ರೇಸಿನ ಹುಚ್ಚು ಎಂದರು ಕೆಲವರು. ಶಶಿಧರ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೀಸೆಯ ಮೇಲೆ ಬೆರಳಾಡಿಸಿದ.

ಆ ಮೀಸೆಗೆ ಊರಲ್ಲಿ ಬೇರೆಯೇ ಖ್ಯಾತಿಯಿತ್ತು. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ಊಟ ಬಿಟ್ಟು ಓಡುವ ಶಶಿಧರ, ಕರೆಂಟು ಮೀಟರಿನ ಸೀಲ್ ಒಡೆದವರನ್ನು ಮಾತ್ರ ಸ್ವಂತ ಅಣ್ಣನಾದರೂ ಬಿಡುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಪಕ್ಕದ ತೋಟದ ಬೊಳ್ಳಪ್ಪ, ಸೀಲನ್ನು ಇಲಿ ಕಡಿಯಿತು ಎಂದಿದ್ದರು. "ಸೀಲ್ ಕಿತ್ತ ಮೇಲೆ ಇಲಿ ಕಥೆ ಬೇಡ ಬೊಳ್ಳಪ್ಪಣ್ಣ," ಎಂದು ಅವರ ಮನೆಯವರೆದುರೇ ವರದಿ ಬರೆದು, ಲೈನ್ ಕತ್ತರಿಸಿ ಬಂದಿದ್ದ.

ಈಗ ಸಣ್ಣಸ್ವಾಮಿ ಕೊಟ್ಟ ಬುದ್ಧಿವಾದ ಆ ಇಲಿ ಕಥೆಯ ತಮ್ಮನಂತಿತ್ತು. ಗಿಡ್ಡ ಸ್ಪ್ರಿಂಗ್ ಕಣ್ಣಿಗೆ ಬಿದ್ದರೆ ಕಂಪನಿಯವರು ಇಡೀ ವಾರಂಟಿಗೇ ಮಣ್ಣು ಹಾಕುತ್ತಾರೆ, ಹಳೆಯದನ್ನು ತನ್ನಿ, ಹಾಕಿ ಕಳಿಸುತ್ತೇನೆ, ಯಾವ ದೇವರಿಗೂ ಗೊತ್ತಾಗುವುದಿಲ್ಲ ಎಂದ. ಮರುದಿನ ಬೆಳಿಗ್ಗೆ ಶಶಿಧರ ಮನೆಯ ಮೂಲೆಯಲ್ಲಿದ್ದ ಹಳೇ ಸ್ಪ್ರಿಂಗುಗಳ ಗೋಣಿಚೀಲವನ್ನು ಬಿಚ್ಚಿಯೂ ನೋಡದೆ ಡಿಕ್ಕಿಗೆ ಹಾಕಿಕೊಂಡು ಹೋದ. ಗ್ಯಾರೇಜಿನಲ್ಲಿ ಕೆಲಸ ನೋಡುತ್ತ ನಿಲ್ಲುವ ಧೈರ್ಯವೂ ಬರಲಿಲ್ಲ, ಎದುರಿನ ಹೋಟೆಲಿನಲ್ಲಿ ಮೂರು ಕಾಫಿ ಕುಡಿದ. ಹನ್ನೊಂದಕ್ಕೆ ಕಾರು ಎದೆಯೆತ್ತಿ ನಿಂತಿತ್ತು. ಅವನು ತಗ್ಗಿದ್ದ.

ಕಂಪನಿಯ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿ ತಲೆಯೆತ್ತಿ ನಕ್ಕಳು. "ಬನ್ನಿ ಶಶಿಯಣ್ಣ."

ಬೊಳ್ಳಪ್ಪನ ಮಗಳು ಅನುಶ್ರೀ. ಲೈನ್ ಕತ್ತರಿಸಿದ ಸಂಜೆ ಮೇಣದಬತ್ತಿಯಲ್ಲಿ ಪರೀಕ್ಷೆಗೆ ಓದಿದವಳು. ಅವಳು ಹಳೆಯದೇನನ್ನೂ ಎತ್ತಲಿಲ್ಲ. ಗೇರಿನ ತೊಂದರೆ ಕೇಳಿ ಬರೆದುಕೊಂಡಳು, ಶಾಕಿನದ್ದೂ ಬರೆದಳು, ಕಾರನ್ನು ಒಳಗೆ ಲಿಫ್ಟಿಗೆ ಕಳಿಸಿದಳು. ಆಮೇಲೆ ಒಂದು ಹಾಳೆ ಮುಂದಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಹೊರಗಿನ ಬಿಡಿಭಾಗ ಯಾವುದನ್ನೂ ಹಾಕಿಸಿಲ್ಲ, ಸುಳ್ಳೆಂದು ಕಂಡುಬಂದರೆ ಪೂರ್ತಿ ವಾರಂಟಿ ರದ್ದು.

ಪೆನ್ನು ಹಿಡಿದ. ಸಾವಿರ ವರದಿಗೆ ಸಹಿ ಹಾಕಿದ ಕೈ, ತನ್ನ ಹೆಸರಿನ ಮೊದಲ ಅಕ್ಷರವನ್ನೇ ಮರೆತಂತೆ ಹಾಳೆಯ ಮೇಲೆ ನಿಂತಿತು. ಒಳಗೆ ಲಿಫ್ಟ್ ಗುಂಯ್ ಎಂದು ಏರುವುದು ಕೇಳಿಸುತ್ತಿತ್ತು. ಹಾಕಿದರೆ ಗೇರ್‌ಬಾಕ್ಸ್ ಉಳಿಯುತ್ತದೆ. ಹಾಕಿದರೆ ನಾಳೆಯಿಂದ ಯಾವ ಮೀಟರಿನೆದುರು ನಿಂತು ಏನೆಂದು ಹೇಳುವುದು? ಪೆನ್ನಿನ ತುದಿ ಹಾಳೆಗೆ ತಾಗಿ ಒಂದು ಚುಕ್ಕೆ ಬಿತ್ತು.

ಅಷ್ಟರಲ್ಲಿ ಒಳಗಿನಿಂದ ಮೆಕ್ಯಾನಿಕ್ ಅನುಶ್ರೀಯನ್ನು ಕರೆದ. ಅವಳು ಹೋದಳು, ಎರಡು ನಿಮಿಷಕ್ಕೆ ವಾಪಸು ಬಂದಳು. ನಗು ಇರಲಿಲ್ಲ. "ಸಹಿ ಇರ್ಲಿ. ಸ್ವಲ್ಪ ಒಳಗೆ ಬನ್ನಿ."

ಎತ್ತಿದ ಕಾರಿನ ಕೆಳಗೆ ಮೆಕ್ಯಾನಿಕ್ ಟಾರ್ಚ್ ಬಿಟ್ಟ. ಬಲ ಚಕ್ರದ ಹಿಂದೆ, ಕಂಪನಿಯ ಸ್ಪ್ರಿಂಗಿನ ಮೇಲೆ, ಮೂರು ಬೆರಳಿನ ಗಂಧ, ನಡುವೆ ದುಂಡಗೆ ಕುಂಕುಮ. ಸುರುಳಿಯ ಸಂದಿಯಲ್ಲಿ ಹಬ್ಬಕ್ಕೆ ಕೋವಿಗೆ ಮುಡಿಸುವ ಕೋವಿ ಹೂವಿನ ಒಣಗಿದ ಎಸಳು. ಟಾರ್ಚ್ ಎಡಕ್ಕೆ ಹೊರಳಿತು, ಅಲ್ಲೂ ಕುಂಕುಮ.

ಶಶಿಧರನಿಗೆ ಕ್ಷಣದಲ್ಲಿ ಎಲ್ಲ ಹೊಳೆಯಿತು. ಮೊನ್ನೆ ಆಯುಧಗಳ ಹಬ್ಬ ಕೈಲ್ ಮುಹೂರ್ತಕ್ಕೆ ಕಮಲ ಕೋವಿ, ಕತ್ತಿ, ಗುದ್ದಲಿಗಳ ಸಾಲಿನಲ್ಲಿ ಮನೆಯ ಕಬ್ಬಿಣವನ್ನೆಲ್ಲ ಇಟ್ಟು ಪೂಜೆ ಮಾಡಿದ್ದಳು. ಮೂಲೆಯ ಚೀಲದಲ್ಲಿದ್ದ ಸ್ಪ್ರಿಂಗುಗಳನ್ನು ಮಾತ್ರ ಬಿಡುವುದುಂಟೇ? ಸಣ್ಣಸ್ವಾಮಿ ದೈವಭಕ್ತ. ಪೂಜೆಯ ಗುರುತನ್ನು ಒರೆಸದೆ, ಕಣ್ಣಿಗೊತ್ತಿಕೊಂಡು ಹಾಗೆಯೇ ಹಾಕಿದ್ದ.

"ಕಂಪನಿಯಲ್ಲಿ ಕೈಲ್ ಮುಹೂರ್ತ ಮಾಡುದಿಲ್ಲ ಶಶಿಯಣ್ಣ," ಎಂದಳು ಅನುಶ್ರೀ.

ಇಲಿಯ ಕಥೆಯೊಂದು ನಾಲಿಗೆಯ ತುದಿಗೆ ಬಂದಿತು. ನುಂಗಿದ. ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದು, ಇವತ್ತು ಬೆಳಿಗ್ಗೆ ತೆಗೆಸಿ ಹಳೆಯದನ್ನು ಮತ್ತೆ ಹಾಕಿಸಿದ್ದು ಎಲ್ಲವನ್ನೂ, ಸಾಕ್ಷಿ ಹೇಳುವವನಂತೆ ಒಂದೇ ಉಸಿರಿಗೆ ಹೇಳಿದ. ಹಾಳೆಯಲ್ಲಿ ಹಾಕಿಸಿದ್ದೆ ಎಂದೇ ಬರೆಯುತ್ತೇನೆ, ಏನು ಬೇಕಾದರೂ ಆಗಲಿ ಎಂದ. ಲೈನ್ ಕತ್ತರಿಸುವ ಅಧಿಕಾರ ಈಗ ಅನುಶ್ರೀಯ ಕೈಯಲ್ಲಿತ್ತು.

ಕೊನೆಗೆ ಅವಳು ಹೇಳಿದ್ದು ನಿಯಮವನ್ನಷ್ಟೇ. ಶಾಕ್ ಸೋರಿದ್ದು ಗಿಡ್ಡ ಸ್ಪ್ರಿಂಗಿನ ಪೆಟ್ಟಿಗೆ, ಅದು ಸಿಗುವುದಿಲ್ಲ. ಗೇರ್‌ಬಾಕ್ಸಿಗೂ ಸ್ಪ್ರಿಂಗಿಗೂ ಸಂಬಂಧವಿಲ್ಲ, ಅದರ ವಾರಂಟಿ ಹಾಗೇ ಇದೆ. ಸುಳ್ಳು ಸಹಿ ಬಿದ್ದಿದ್ದರೆ ಮಾತ್ರ ಎರಡೂ ಹೋಗುತ್ತಿದ್ದವು.

ಶಶಿಧರ ಅಲ್ಲೇ ಇದ್ದ ಟಯರಿನ ಮೇಲೆ ಕುಳಿತ. ಅನುಶ್ರೀ ನೀರಿನ ಬಾಟಲಿ ತಂದುಕೊಟ್ಟಳು. ಊರೇ ಒಂದು ವರ್ಷದಿಂದ ಕೇಳುತ್ತಿದ್ದುದನ್ನು ಆಗ ಅವಳೂ ಕೇಳಿದಳು, ಇದೆಲ್ಲ ಹುಡುಗರ ಚಾಳಿ, ನಿಮಗೆ ಎಂತಕ್ಕೆ ಬೇಕಿತ್ತು ಎಂದು.

"ನಮ್ಮ ಹಳೇ ಕೊಟ್ಟಿಗೆಯನ್ನೇ ಶೆಡ್ ಮಾಡಿದ್ದು. ಬಾಗಿಲಿನ ತೊಲೆಗೆ ಕಾರಿನ ತಲೆ ಒಂದಿಂಚು ತಾಗ್ತಿತ್ತು."

ಮೆಕ್ಯಾನಿಕ್ ಟಾರ್ಚ್ ಆರಿಸಿದ. ಅನುಶ್ರೀ ನಗು ತಡೆದುಕೊಂಡು ಕೇಳಿದಳು. "ಮತ್ತೆ, ತಗ್ಗಿಸಿದ ಮೇಲೆ ಒಳಗೆ ಹೋಯ್ತಾ?"

ಶಶಿಧರ ಬಾಟಲಿಯ ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿದ.

"ಮೇಲೆ ತಾಗ್ಲಿಲ್ಲ. ಕೆಳಗೆ ಹೊಸ್ತಿಲಿಗೆ ತಾಗ್ತು."