ಒಡ್ಡಿನ ಮಗ್ಗುಲಲ್ಲಿ ಬಂದ ನೀರು

ನಮ್ಮೂರಿನ ನೀರುಗಂಟಿ ಮುದ್ದಕ್ಕನಿಗೆ ಈಗ ಐವತ್ತೆರಡು ವರ್ಷ. ಅಪ್ಪನಿಂದ ಬಂದ ಕೆಲಸ: ಹೊಳೆದಡದ ಬಾವಿಯ ಮೋಟರ್ ಹಾಕಿ ಟ್ಯಾಂಕ್ ತುಂಬಿಸುವುದು, ಕೇರಿ ಕೇರಿಯ ವಾಲ್ವ್ ತಿರುಗಿಸಿ ನೀರು ಬಿಡುವುದು. ಪಂಚಾಯಿತಿಯಲ್ಲಿ ಅವಳಿಗೆ ಯಾರೂ ಕುರ್ಚಿ ಕೊಟ್ಟಿಲ್ಲ. ಕುರ್ಚಿಯಲ್ಲಿ ಕೂತವರಿಗೆ ನೀರಿನ ವಿಷಯದಲ್ಲಿ ಗೊತ್ತಿದ್ದುದು ಬಾಟಲಿಯ ಮುಚ್ಚಳ ತೆಗೆಯುವುದಷ್ಟೇ.

ನಾಲ್ಕು ವರ್ಷದ ಹಿಂದೆ, ಬಾವಿಗಿಂತ ಒಂದು ಫರ್ಲಾಂಗು ಮೇಲೆ, ವೇದಾವತಿ ಹೊಳೆಗೆ ಅಡ್ಡಲಾಗಿ ಚೆಕ್ ಡ್ಯಾಂ ಕಟ್ಟಿದರು. ಮೊದಲ ಮಳೆಗೆ ಹೊಳೆ ತುಂಬಿ ನಿಂತಿತು. ಬಾವಿಯಲ್ಲೂ ನೀರು ಆರು ಮೆಟ್ಟಿಲು ಏರಿತು. ಅಧ್ಯಕ್ಷ ನಿಂಗಪ್ಪ ಗಂಗೆಯನ್ನು ತಾನೇ ಹೆತ್ತವನಂತೆ ಮಾಲೆ ಹಾಕಿಸಿಕೊಂಡ. ವರ್ಷಕ್ಕೊಮ್ಮೆ ಅಡಿಯ ಗೇಟಿನ ಕಬ್ಬಿಣದ ಹಲಗೆ ಎತ್ತಿ ಹೂಳನ್ನು ಪ್ರವಾಹಕ್ಕೆ ಬಿಡಬೇಕೆಂದು ಡ್ಯಾಂ ಒಪ್ಪಿಸುವಾಗ ಕೊಟ್ಟ ಕಾಗದದಲ್ಲಿ ಬರೆದಿತ್ತಂತೆ. ಕಾಗದ ಓದುವ ಚಟ ನಿಂಗಪ್ಪನಿಗೆ ಇರಲಿಲ್ಲ.

ಮೂರನೆಯ ಬೇಸಿಗೆಗೆ ಒಡ್ಡಿನ ಹಿಂದೆ ನಿಂತ ನೀರು ಹಸಿರುಗಟ್ಟಿತು. ತಳದಲ್ಲಿ ಮೊಣಕಾಲುದ್ದ ಕರಿ ಕೆಸರು. ಆಮೇಲೆ ಬಾವಿನೀರು ಕೊಳೆತ ಮೊಟ್ಟೆಯಂತೆ ನಾರತೊಡಗಿತು. ಕೊಡದ ಒಳಗೆ ಕೆಂಪು ಗಸಿ ಹಿಡಿಯಿತು, ಚಹಾ ಹಾಕಿದರೆ ಮಸಿಯಂತೆ ಕಪ್ಪಾಯಿತು.

ಒಡ್ಡಿನ ಕೊಳೆಯೇ ಬಾವಿಗೆ ಇಳಿಯುತ್ತಿದೆ ಎಂದು ಮುದ್ದಕ್ಕ ದೂರು ಕೊಟ್ಟಳು. ನಾನು ಬಾವಿಕಟ್ಟೆಯ ಬಳಿ ಇದ್ದ ದಿನವೇ ಎಂಜಿನಿಯರ್ ಜೀಪಿನಲ್ಲಿ ಬಂದ. ಬಗ್ಗಿ ಬಾವಿ ನೋಡಲೂ ಇಲ್ಲ.

"ಬಾವಿ ಇರೋದು ಡ್ಯಾಮಿನ ಕೆಳಗಡೆ. ಕಾಂಕ್ರೀಟು ದಾಟಿ ಆ ನೀರು ಇಲ್ಲಿಗೆ ಹೇಗಮ್ಮ ಬರುತ್ತೆ?"

"ಕಾಂಕ್ರೀಟು ಯಾಕ್ ದಾಟ್ಬೇಕು ಸಾರ್?" ಎಂದಳು ಮುದ್ದಕ್ಕ. "ಮಗ್ಗುಲಾಗೆ ಮರಳು ಐತಲ್ಲ. ಅದರೊಳಗೆ ಸುತ್ತಾಕ್ಕಂಡು ಬತ್ತೈತೆ. ಅಲ್ಲಿ ನೀರು ಏರಿದ ನಾಕನೇ ದಿನಕ್ಕೆ ಇಲ್ಲಿ ಏರ್ತೈತೆ. ಮೂರು ವರ್ಷದಿಂದ ಮೆಟ್ಲು ಎಣಿಸ್ತಾ ಇದೀನಿ."

"ಓದಿದ್ದೀಯ ಎಷ್ಟು?"

"ನಾಕನೇ ಕ್ಲಾಸು. ನೀವು ಜಾಸ್ತಿ ಓದೀರಿ, ಒಂದು ಲೋಟ ಕುಡೀರಿ ಮತ್ತೆ."

ಅವನು ಜೀಪು ಹತ್ತಿದ. ಪ್ರಶ್ನೆಗೆ ಬೆನ್ನು ತೋರಿಸುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ, ಅದರಲ್ಲಂತೂ ಅವನು ಮೊದಲ ದರ್ಜೆಯಲ್ಲೇ ಪಾಸಾಗಿರಬೇಕು.

ಮರುದಿನ ಮುದ್ದಕ್ಕ ಬಾವಿಯ ಮೋಟರ್ ನಿಲ್ಲಿಸಿದಳು. ಗುಡ್ಡದ ಬುಡದ ಹಳೇ ಬೋರಿನಿಂದ ದಿನ ಬಿಟ್ಟು ದಿನ ಅರ್ಧ ಗಂಟೆ ನೀರು ಬಿಟ್ಟಳು. ಊರು ಅವಳ ಮೇಲೆ ಬಿತ್ತು. ನಾರುವ ನೀರು ಕುಡಿದು ವಾಂತಿ ಮಾಡಿಕೊಂಡಾಗ ಸುಮ್ಮನಿದ್ದವರಿಗೆ, ಕೊಡ ತುಂಬದಿದ್ದಾಗ ಬಾಯಿ ಬಂತು. ಪಕ್ಕದ ಕೇರಿಯ ಬರಗೇರಮ್ಮ ಅವಳ ಮನೆ ಮುಂದೆ ನಿಂತು ಮಣ್ಣು ತೂರಿ ಶಪಿಸಿದಳು.

"ಬಾವಿ ಎಲ್ಲೂ ಹೋಗಿಲ್ಲ ಕಣೆ. ಹಗ್ಗ ತಗಂಡು ಹೋಗಿ ಸೇದ್ಕ. ನನ್ ಕೈಲಿ ಮಾತ್ರ ಅದನ್ನ ಬಿಡಾಕಾಗಲ್ಲ," ಎಂದು ಮುದ್ದಕ್ಕ ಬಾಗಿಲು ಹಾಕಿಕೊಂಡಳು. ಆ ವಾರವೆಲ್ಲ ಅವಳು ಸರಿಯಾಗಿ ಉಣ್ಣಲಿಲ್ಲ ಎಂದು ಕುರಿ ಕಾಯುವ ಅವಳ ತಮ್ಮ ನನಗೆ ಹೇಳಿದ.

ಆಗಸ್ಟಿನಲ್ಲಿ ಮೇಲೆ ಮಳೆಯಾಗಿ ಹೊಳೆ ಬರುವ ಸುದ್ದಿ ಬಂತು. ಗೇಟು ತೆಗೆಸಿ ಎಂದು ಮುದ್ದಕ್ಕ ಕೇಳಲು ಹೋದರೆ, ಮೇಲಿನ ಆದೇಶ ಬರಲಿ ಎಂದ ನಿಂಗಪ್ಪ. ಪ್ರವಾಹಕ್ಕೂ ಆದೇಶ ಬೇಕೆಂದು ತಿಳಿದಿದ್ದನೋ ಏನೋ.

"ಬಾರಲೇ ತಮ್ಮ, ಹಾರೆ ತಗ, ಹೋಗಾಣ," ಎಂದಳು ಮುದ್ದಕ್ಕ.

ಅಕ್ಕತಮ್ಮ ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಿ, ತುಕ್ಕು ಹಿಡಿದ ಒಂಬತ್ತು ಹಲಗೆ ಕಿತ್ತರು. ಸಂಜೆ ಬಂದ ಕೆಂಪು ನೀರು ಮೂರು ವರ್ಷದ ಕೊಳೆಯನ್ನು ಬಳಿದುಕೊಂಡು ಹೋಯಿತು. ಹೊಳೆ ತಿಳಿಯಾದ ಮೇಲೆ ಅವರೇ ಹಲಗೆ ಕೂರಿಸಿದರು. ದೀಪಾವಳಿ ಹೊತ್ತಿಗೆ ಬಾವಿಯ ವಾಸನೆ ಹೋಗಿತ್ತು.

ಬಹುಮಾನವಾಗಿ ಅವಳಿಗೆ ನೋಟಿಸು ಬಂತು: ಸರ್ಕಾರಿ ಆಸ್ತಿಗೆ ಕೈ ಹಾಕಿದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ. ಅವಳ ಜಾಗಕ್ಕೆ ನಿಂಗಪ್ಪನ ಭಾಮೈದ ಬಂದ. ಯಾವ ವಾಲ್ವ್ ಯಾವ ಕೇರಿಗೆಂದು ತಿಳಿಯದೆ ಎಲ್ಲವನ್ನೂ ಒಮ್ಮೆಲೇ ಮುಚ್ಚಿ ಪೈಪು ಒಡೆಸಿ, ಹನ್ನೊಂದನೇ ದಿನ ಕಾಣೆಯಾದ. ಅವಳನ್ನು ಕರೆಯಲು ಹೋದವರಲ್ಲಿ ಬರಗೇರಮ್ಮ ಮುಂದಿದ್ದಳು.

ಮುದ್ದಕ್ಕ ಯಾರನ್ನೂ ಬಯ್ಯಲಿಲ್ಲ, ಕುಂತ್ಕಳ್ರಿ ಎನ್ನಲೂ ಇಲ್ಲ. ಸ್ಪ್ಯಾನರ್ ತೆಗೆದುಕೊಂಡು, ಒಡೆದ ಪೈಪಿನ ಕಡೆ ನಡೆದಳು.