ಅಕ್ಕನ ಹಪ್ಪಳ ಹೆಚ್ಚಿದ ದಿನ

ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ನಿವೃತ್ತಿಯಾಗುವವರೆಗೂ ಅರ್ಥಶಾಸ್ತ್ರ ಹೇಳಿಕೊಟ್ಟವನು. ಜಪಾನಿನ ಆರ್ಥಿಕ ಅಭಿವೃದ್ಧಿ ನನ್ನ ಪ್ರಿಯವಾದ ಪಾಠ. ಯುದ್ಧದ ಬೂದಿಯಿಂದ ಆ ದೇಶವನ್ನು ಪ್ರತಿ ವರ್ಷ ನಾನೇ ಕೈಹಿಡಿದು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಜಪಾನಿಗೆ ಈ ವಿಷಯ ಗೊತ್ತಿರಲಿಲ್ಲ, ಅಷ್ಟೆ. ಹಾಗಾಗಿ ಜಪಾನೀಯರೊಬ್ಬರು ಬೆಳ್ಮಣ್ಣಿನಲ್ಲಿರುವ ನನ್ನ ಅಕ್ಕನ ಮನೆಗೆ ಹಲಸಿನ ಹಪ್ಪಳ ನೋಡಲು ಬರುತ್ತಾರೆಂದು ತಿಳಿದಾಗ, ಅಂಬಲಪಾಡಿಯ ನನ್ನ ಮನೆಯಿಂದ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೆಳಗ್ಗಿನ ಬಸ್ಸಿಗೇ ಹೊರಟೆ. ಸ್ವಾಗತ ಸಮಿತಿಯ ಅಧ್ಯಕ್ಷ ನಾನೇ, ಸದಸ್ಯನೂ ನಾನೇ.

ಅವರು ಮಣಿಪಾಲಕ್ಕೆ ಯಾವುದೋ ಕೆಲಸಕ್ಕೆ ಬಂದವರು. ಕಾಪುವಿನ ಕಡಲ ಬದಿಯ ಹೋಟೆಲಿನಲ್ಲಿ ಊಟದ ಜೊತೆ ಅಕ್ಕನ ಹಪ್ಪಳ ತಿಂದು, ಇದನ್ನು ಮಾಡಿದವರು ಯಾರು ಎಂದು ವಿಚಾರಿಸಿದ್ದರಂತೆ. ತಮ್ಮ ಊರಿನಲ್ಲಿ ಅವರದೊಂದು ತಿಂಡಿ ಅಂಗಡಿ ಉಂಟು.

ಅಕ್ಕನಿಗೆ ಇದು ಸಣ್ಣ ವಿಷಯವಲ್ಲ. ಅವಳ ಹಪ್ಪಳಕ್ಕೆ ನಮ್ಮ ಬಂಧುಬಳಗದಲ್ಲಿ ಇದ್ದ ಸ್ಥಾನ ಏನೆಂದರೆ, ಎಲ್ಲರೂ ತಿನ್ನುವುದು, ಯಾರೂ ಅದನ್ನು ಉದ್ಯೋಗವೆಂದು ಒಪ್ಪದಿರುವುದು. "ಟೈಂಪಾಸಿಗೆ ಮಾಡ್ತಾಳೆ" ಎಂದು ಬಿಡುತ್ತಿದ್ದರು. ಆಚೀಚೆ ಮನೆಯ ಹೆಂಗಸರನ್ನು ಸೇರಿಸಿಕೊಂಡು, ಸುಡುವ ಬಿಸಿಲಿನಲ್ಲಿ ಅಂಗಳ ತುಂಬಾ ಹಪ್ಪಳ ಹರಡುವ ಟೈಂಪಾಸು! ಈ ಮನುಷ್ಯ ಒಂದು ಆರ್ಡರು ಕೊಟ್ಟರೆ ಆ ಮಾತು ನಿಲ್ಲುತ್ತದೆ. ಅವಳು ನನ್ನೊಡನೆ ಹೇಳಿದ್ದು ಇಷ್ಟೇ: "ನೀನು ಭಾಷಣ ಮಾಡಿ ಹಾಳು ಮಾಡಬೇಡ ಮಾರಾಯ."

ಅತಿಥಿಗಳು ಬಂದರು. ನನ್ನದೇ ಪ್ರಾಯ, ನನಗಿಂತ ನೇರ ಬೆನ್ನು. ಜೊತೆಗೆ ದುಭಾಷಿಯಾಗಿ ಮಣಿಪಾಲದಲ್ಲಿ ಓದುವ ಒಬ್ಬ ಹುಡುಗಿ. ನಮ್ಮ ಕಡೆಯವಳೇ, ಆದರೆ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಕನ್ನಡವೂ ಬರುತ್ತದೆ, ಜಪಾನಿ ಭಾಷೆಯೂ ಬರುತ್ತದೆ.

ದೀಪಾವಳಿ ಕಳೆದ ಕಾಲ ಅದು. ಹಲಸಿನ ಹಪ್ಪಳ ಬೇಸಗೆಯಲ್ಲಿ ಮಾಡುವಂಥದು; ಮಳೆಗಾಲದಲ್ಲಿ ಊರೆಲ್ಲ ಕರಿದು ತಿಂದಾಗಿರುತ್ತದೆ. ಚಾವಡಿಯಲ್ಲಿ ಕೂತು, ಪಾನಕ ಕುಡಿದು, ಅವರು ಕೇಳಿದರು. ಹುಡುಗಿ ಕನ್ನಡಕ್ಕೆ ತಂದಳು: "ಈಗ ಹಪ್ಪಳ ಎಷ್ಟು ಉಂಟು ಅಂತ ಕೇಳ್ತಿದ್ದಾರೆ ಆಂಟಿ."

"ಹೆಚ್ಚಿದೆ ಅಂತ ಹೇಳು ಮಗಾ" ಎಂದಳು ಅಕ್ಕ.

ಹುಡುಗಿ ಹೇಳಿದಳು. ಅತಿಥಿಗಳ ಮುಖ ಅರಳಿತು. ಎದ್ದು ನಿಂತು ಬಾಗಿ ನಮಸ್ಕರಿಸಿದರು. ಅಧ್ಯಕ್ಷನಾದ ನಾನೂ ಬಾಗಿದೆ. ಎಷ್ಟಿದ್ದರೂ ಇವತ್ತೇ ಒಯ್ಯುತ್ತೇನೆ, ಒಮ್ಮೆ ನೋಡಬಹುದೇ ಎಂದರಂತೆ. ಅಕ್ಕನಿಗೆ ಸ್ವಲ್ಪ ಗಲಿಬಿಲಿಯಾದರೂ, ಡಬ್ಬಿ ನೋಡಲಿಕ್ಕಿರಬೇಕು ಎಂದುಕೊಂಡು ಉಗ್ರಾಣದ ಬಾಗಿಲು ತೆರೆದಳು. ಮೊದಲ ಡಬ್ಬಿಯ ಮುಚ್ಚಳ ಎತ್ತಿದಳು. ತಳದಲ್ಲಿ ಒಂದೇ ಒಂದು ಹಪ್ಪಳ. ಎರಡನೆಯದರಲ್ಲೂ ಒಂದು.

ಅವರು ಡಬ್ಬಿಯನ್ನು ನೋಡಿದರು. ಮತ್ತೆ ನಮ್ಮನ್ನು ನೋಡಿದರು. ಮುಖದ ನಗು ಮೆಲ್ಲಗೆ ಒಳಗೆ ಹೋಯಿತು.

"ಆಂಟಿ, ಹೆಚ್ಚಿದೆ ಅಂದ್ರಲ್ಲ?" ಹುಡುಗಿ ಡಬ್ಬಿಯೊಳಗೆ ಇಣುಕಿದಳು.

"ಹೌದು, ಹೆಚ್ಚಿದೆ. ಅದಕ್ಕೇ ಅಲ್ವಾ ಡಬ್ಬಿ ಹೀಗೆ ಉಂಟು?"

ನಮ್ಮ ಮನೆಗಳಲ್ಲಿ ಅಕ್ಕಿಯಾಗಲಿ ಉಪ್ಪಾಗಲಿ ಇಲ್ಲದಾಯಿತು ಎಂದು ಹೇಳುವ ಕ್ರಮ ಇಲ್ಲ. ಹೆಚ್ಚಿದೆ ಎಂದೇ ಹೇಳುವುದು. ಪಾತ್ರೆಯನ್ನು ಪೂರ್ತಿ ಬರಿದು ಮಾಡುವ ಕ್ರಮವೂ ಇಲ್ಲ. ಲಕ್ಷ್ಮಿಗೆ ಕಿವಿ ಉಂಟು, ಕೇಳಿಸಿಕೊಂಡು ಎದ್ದು ಹೋದರೆ ಎಂಬ ಮುನ್ನೆಚ್ಚರಿಕೆ. ಪಾಪ, ಮುಂಬಯಿಯ ಹುಡುಗಿ ಅದನ್ನು ರಾಶಿ ರಾಶಿ ಉಂಟು ಎಂದು ಜಪಾನಿಗೆ ದಾಟಿಸಿದ್ದಳು. ಅಕ್ಕ ಅವರ ಕಣ್ಣಿಗೆ ಸುಳ್ಳು ಹೇಳಿದವಳಾಗಿದ್ದಳು. ವ್ಯಾಪಾರಕ್ಕೆ ಇದಕ್ಕಿಂತ ಕೆಟ್ಟ ಮುಹೂರ್ತ ಬೇರೆ ಬೇಕೆ?

"ಸರ್, ನೀವಾದರೂ ಸರಿಯಾಗಿ ಹೇಳಿ. ಹಪ್ಪಳಕ್ಕೆ ಎಂತ ಆಗಿದೆ?" ಹುಡುಗಿ ನನ್ನತ್ತ ತಿರುಗಿದಳು.

ನಾನು ಬಾಯಿ ತೆರೆದೆ. ಮೂಢನಂಬಿಕೆಗಳು ಅಭಿವೃದ್ಧಿಗೆ ಅಡ್ಡಿ ಎಂದು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದವನು ನಾನು. ಎರಡಕ್ಷರದ ಮಾತು, ಹೇಳಿದರೆ ಮುಗಿಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅತಿಥಿಗಳನ್ನು ನೋಡಲೆಂದೇ ಬಂದಿದ್ದ ಹಪ್ಪಳ ಒತ್ತುವ ಹೆಂಗಸರೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು.

"ಹೆಚ್ಚಿದೆ" ಎಂದೆ, ಗಂಭೀರವಾಗಿ.

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಅಳುವಂತಾದಳು. ಆಗ ನನಗೆ ಒಂದು ದಾರಿ ಹೊಳೆಯಿತು. "ನಿನ್ನ ಅಜ್ಜಿ ರಾತ್ರಿ ದೀಪಕ್ಕೆ ಎಂತ ಮಾಡಲಿಕ್ಕೆ ಹೇಳ್ತಿದ್ದರು?" ಎಂದು ಕೇಳಿದೆ.

"ದೀಪ ದೊಡ್ಡದು ಮಾಡು ಅಂತ. ನಾನು ಬತ್ತಿ ಮೇಲೆ ಎಳೆದು ಬೈಸಿಕೊಂಡಿದ್ದೆ, ಅವರು ಹೇಳಿದ್ದು ಆರಿಸಲಿಕ್ಕೆ..." ಎಂದವಳು ಅಲ್ಲಿಯೇ ನಿಂತಳು. ಡಬ್ಬಿಯ ತಳದ ಹಪ್ಪಳವನ್ನು ನೋಡಿದಳು. "ಅಯ್ಯೋ! ಇದೂ ಅದೇಯಾ?"

"ಇದೂ ಅದೇ" ಎಂದಳು ಅಕ್ಕ.

ಹುಡುಗಿ ಅವರಿಗೆ ವಿವರಿಸತೊಡಗಿದಳು. ದೀಪ ಬಂತು, ಬತ್ತಿ ಬಂತು, ಅಜ್ಜಿಯೂ ಬಂದಿರಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಇದ್ದಕ್ಕಿದ್ದಂತೆ ತೊಡೆ ತಟ್ಟಿ ನಕ್ಕರು. ಆಮೇಲೆ ಅವರು ಹೇಳಿದ್ದನ್ನು ಹುಡುಗಿ ನಮಗೆ ಹೇಳಿದಳು. ಅವರಲ್ಲಿ ಮದುವೆಯ ಔತಣ ಕೊನೆಗೊಂಡಾಗ ಕೊನೆ ಎಂಬ ಶಬ್ದ ಎತ್ತಬಾರದಂತೆ. "ಒಹಿರಾಕಿ" ಅನ್ನಬೇಕು, ಅಂದರೆ ತೆರೆಯುವುದು. ಒಂದು ಜಾತಿಯ ಒಣಮೀನಿನ ಹೆಸರಿನಲ್ಲಿ ನಷ್ಟದ ಧ್ವನಿ ಬರುತ್ತದೆಂದು, ವ್ಯಾಪಾರಿಗಳು ಅದಕ್ಕೆ ಗೆಲುವಿನ ಹೆಸರು ಇಟ್ಟು ಮಾರುತ್ತಾರಂತೆ. ಪ್ರಾಯದಲ್ಲಿ ಇವರು ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿದ್ದವರು. ಅಲ್ಲಿ ಗೋದಾಮು ತುಂಬಿದ್ದರೆ ಅದೇ ತಪ್ಪು, ಬೇಕಾದದ್ದು ಬೇಕಾದಾಗ ಬಂದರೆ ಸಾಕು. ದಿನವಿಡೀ ಬರಿದಾದ ಕಪಾಟು ನೋಡಿ ಸಂತೋಷಪಟ್ಟವರು, ಮನೆಗೆ ಬಂದು ತಾಯಿಯ ಎದುರು ಬರಿದು ಎಂಬ ಶಬ್ದ ಆಡುತ್ತಿರಲಿಲ್ಲವಂತೆ.

ಕಾರ್ಖಾನೆಯ ಕಥೆ ನನಗೆ ಗೊತ್ತಿತ್ತು. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಕೊಟ್ಟಿದ್ದೆ. ತಾಯಿಯ ಕಥೆ ಯಾವ ಪಠ್ಯದಲ್ಲೂ ಇರಲಿಲ್ಲ. ಅಭಿವೃದ್ಧಿ, ಅಭಿವೃದ್ಧಿ ಎಂದು ಅಷ್ಟು ವರ್ಷ ಕೂಗಿದವನು, ಆ ಶಬ್ದದೊಳಗಿನ ವೃದ್ಧಿಯೂ ಅಕ್ಕನ ಈ "ಹೆಚ್ಚುವುದೇ" ಎಂದು ಅವಳ ಉಗ್ರಾಣದ ಬಾಗಿಲಲ್ಲಿ ನಿಂತು ಕಂಡುಕೊಂಡೆ. ಎದೆ ಸ್ವಲ್ಪ ಉಬ್ಬಿತು, ಸುಳ್ಳೇಕೆ ಹೇಳಲಿ. ಅಂಗಿಯ ಇಸ್ತ್ರಿಯೂ ಹಾಳಾಯಿತು.

ಅವರು ಮುಂದಿನ ಬೇಸಗೆಗೆ ಆರ್ಡರು ಕೊಟ್ಟೇ ಹೊರಟರು. ಖಾರ ಮಾತ್ರ ಇಷ್ಟು ಬೇಡವಂತೆ.

"ಹದ ಮಾಡುವ. ಆದರೆ ಗಡಿಬಿಡಿ ಮಾಡಲಿಕ್ಕಿಲ್ಲ ಅಂತ ಹೇಳು. ಹಲಸು ಬಲಿಯಬೇಕು, ಬಿಸಿಲು ಬರಬೇಕು" ಎಂದಳು ಅಕ್ಕ. ಹುಡುಗಿ ಹೇಳಿದಳು. ಅವರು ಮತ್ತೆ ಬಾಗಿದರು. ಈ ಸಲ ಅಕ್ಕನೂ ಬಾಗಿದಳು, ಆದರೆ ನನ್ನಷ್ಟು ಅಲ್ಲ.

ಬೇಸಗೆ ಬಂತು. ಕೆಲಸಕ್ಕೆ ಕೈ ಸಾಲದೆ ಅಕ್ಕ ನನ್ನನ್ನೂ ಕರೆಸಿಕೊಂಡಳು. ಟೈಂಪಾಸು ಎನ್ನುತ್ತಿದ್ದ ನೆಂಟರೊಬ್ಬರು ಒಂದು ಮಧ್ಯಾಹ್ನ ಅಂಗಳಕ್ಕೆ ಬಂದು, ಸಾಲು ಸಾಲು ಹಪ್ಪಳ ನೋಡಿ, ಮೂಲೆಯಲ್ಲಿ ಹಲಸಿನಕಾಯಿ ಬಿಡಿಸುತ್ತ ಕೂತಿದ್ದ ನನ್ನನ್ನೂ ನೋಡಿ ಕೇಳಿದರು, "ಎಂತ ಮೇಷ್ಟ್ರೇ, ರಿಟೈರ್ ಆದ ಮೇಲೆ ಎಂತ ಮಾಡಿಕೊಂಡಿದ್ದೀರಿ?"

"ವಿದೇಶಿ ವ್ಯಾಪಾರ" ಎಂದೆ, ಕೈಗೆ ಅಂಟಿದ ಹಲಸಿನ ಮಯಣವನ್ನು ತೆಂಗಿನೆಣ್ಣೆಯಲ್ಲಿ ಉಜ್ಜುತ್ತ. "ಅಕ್ಕನ ಕೈಕೆಳಗೆ."