ಬಿಳಿ ಪಟ್ಟಿಯ ಕೆಳಗಿನ ಹೆಸರು

ಬಚ್ಚಲಿಗೆ ಹಾಸಲು ಮೊನ್ನೆ ನಾಲ್ಕು ಫರಸಿ ಕಲ್ಲು ತರಿಸಿದೆ. ನೀರು ಸುರಿದ ಕೂಡಲೇ ಹಸಿ ಸುಣ್ಣದಂಥ ವಾಸನೆ ಎದ್ದಿತು. ಶಹಾಬಾದದವರಿಗೆ ಆ ವಾಸನೆ ಹೊಸದಲ್ಲ. ಆದರೂ ನನಗೆ ಎದುರು ಮನೆಯ ಸೊಸೆ ನೆನಪಾದಳು. ಅವಳ ಸೆರಗಿಗೂ ಇದೇ ವಾಸನೆ ಇರುತ್ತಿತ್ತು.

ಅವರದು ವೈಷ್ಣವರ ಮನೆ, ಹಿತ್ತಿಲಲ್ಲೇ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿ. ಅವಳು ಸೇಡಂ ಕಡೆಯ ಹುಡುಗಿ. ಮದುವೆಯ ದಿನ ಅವರ ಪದ್ಧತಿಯಂತೆ ಗಂಡ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದ. ಅಂದಿನಿಂದ ತವರಿನ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಹೆಸರನ್ನು ಯಾರೂ ಬದಲಿಸಲಿಲ್ಲ, ಕರೆಯಲೂ ಇಲ್ಲ. ಹಾಗಾಗಿ ಅದರಲ್ಲಿ ದೊಡ್ಡದೇನಿದೆ ಎಂದುಕೊಂಡಿದ್ದೆ.

ಕಲ್ಲಿನ ಫೋಟೊ, ಅಳತೆ ಎಲ್ಲ ಹಾಕಿ ಅವಳೊಬ್ಬಳೇ ಫ್ಯಾಕ್ಟರಿಗೆ ವೆಬ್‌ಸೈಟ್ ಮಾಡಿದಳು. ಪುಕ್ಕಟೆ ಮಾಡಿಕೊಳ್ಳಲು ಬಿಡುವ ಯಾವುದೋ ಕಂಪನಿಯದು. ಅದಕ್ಕೇ ತಳದಲ್ಲಿ ಆ ಕಂಪನಿ ತನ್ನ ಹೆಸರಿನ ಬಿಳಿ ಪಟ್ಟಿ ಅಂಟಿಸಿತ್ತು. ಪುಟ ಎಷ್ಟು ಸರಿಸಿದರೂ ಅದು ಅಲ್ಲೇ ಕೂತಿರುತ್ತಿತ್ತು.

ಒಂದು ದಿನ ನಾನು ಅವರ ಪಡಸಾಲೆಯಲ್ಲಿದ್ದೆ. ಚಿತ್ತಾಪುರದ ಗಿರಾಕಿಯೊಬ್ಬ ತನ್ನ ಫೋನಿನಲ್ಲಿ ಆ ಪಟ್ಟಿ ಓದಿ, "ಈ ಕಂಪನಿಯವ್ರ ಕಡಿಂದ ಮಾಡಿಸೀರೇನ್ರಿ?" ಎಂದ.

"ಹೌದ್ರಿ, ಭಾಳ ದೊಡ್ಡ ಕಂಪನಿ," ಎಂದರು ಅವಳ ಮಾವ.

ಚಹಾ ಹಿಡಿದು ನಿಂತಿದ್ದ ಸೊಸೆ ಕಪ್ಪು ಇಟ್ಟು ಒಳಗೆ ಹೋದಳು.

ಸಂಜೆ ನನ್ನ ಕಟ್ಟೆಗೆ ಬಂದಳು. "ಆ ಪಟ್ಟಿ ತೆಗೀಬೇಕು ಆಯಿ."

"ಅದರ ಮ್ಯಾಲ ಒಂದು ಕಲ್ಲಿನ ಫೋಟೊ ಹೇರಿಬಿಡು. ಯಾರಿಗೆ ಕಾಣ್ತದ," ಎಂದೆ.

"ಮುಚ್ಚಿದ್ರ ಎಲ್ಲಾ ಬಂದ್ ಮಾಡ್ತಾರ್ರಿ. ಪುಕ್ಕಟ ಕೊಟ್ಟಾರ, ಹೆಸರು ಹಾಕ್ಕೊಂಡಾರ. ಅವ್ರ ತಪ್ಪೇನದ? ವರ್ಷಕ್ಕೊಮ್ಮೆ ರೊಕ್ಕ ಕಟ್ಟಿದ್ರ ಅವ್ರೇ ತೆಗೀತಾರ."

"ಮಾವಗ ಕೇಳು."

"ಕೇಳ್ದೆ. ಇರ್ಲಿ ಬಿಡು, ದೊಡ್ಡವ್ರ ಹೆಸರಿದ್ರ ನಮಗೂ ಕಿಮ್ಮತ್ತು ಅಂದ್ರು."

ನಾನು ನಕ್ಕೆ. ಅವಳು ನಗಲಿಲ್ಲ.

ಕುಬಸ ಹೊಲಿದ ದುಡ್ಡಿನಲ್ಲಿ ತಾನೇ ಕಟ್ಟಿದಳು. ಪಟ್ಟಿ ಹೋಯಿತು. ಆ ಜಾಗದಲ್ಲಿ ಸಣ್ಣದಾಗಿ ಒಂದು ಸಾಲು ಬರೆದು ನನ್ನ ಮುಂದೆ ಹಿಡಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಇದನ್ನು ಮಾಡಿದವರು ಎಂದಿತ್ತು, ಮುಂದೆ ಅವಳ ತವರಿನ ಹೆಸರು.

"ನಿಮ್ಮತ್ತಿ ನೋಡಿದ್ರ?"

"ಅವ್ರು ಕಲ್ಲಿನ ಫೋಟೊ ತನಕ ನೋಡ್ತಾರ. ತಳಕ್ಕ ಯಾರ್ ಬರ್ತಾರ್ರಿ."

ನಿಜ, ಯಾರೂ ಬರಲಿಲ್ಲ. ಪ್ರತಿ ವರ್ಷ ಕಟ್ಟಿದಳು. ಕಟ್ಟಿದ ದಿನ ನನ್ನ ಬಳಿ ಬಂದು, ಆ ಸಾಲು ತೆರೆದು ತೋರಿಸಿ, ಚಹಾ ಕುಡಿದು ಹೋಗುತ್ತಿದ್ದಳು.

ಆಮೇಲೆ ಜ್ವರ ಬಂತು... ಹೆಚ್ಚು ದಿನ ಮಲಗಲಿಲ್ಲ, ಹೋದಳು. ಗೋಡೆಗೆ ಹಾಕಿದ ಫೋಟೊದ ಕೆಳಗೆ ಅಕ್ಕಿಯಲ್ಲಿ ಬರೆದ ಹೆಸರೇ ಇದೆ. ನಾನು ಅಳಲಿಲ್ಲ; ಅಳಲು ಅಲ್ಲಿ ಬೇಕಾದಷ್ಟು ಮಂದಿ ಇದ್ದರು.

ಮೊನ್ನೆ ಕಲ್ಲು ತೊಳೆದು ಕೂತು ಫೋನು ತೆಗೆದೆ. ಒತ್ತಿದರೆ ಆ ವೆಬ್‌ಸೈಟ್ ತೆರೆಯುವ ಹಾಗೆ ಅವಳೇ ಅದರಲ್ಲಿ ಇಟ್ಟುಕೊಟ್ಟಿದ್ದಳು. ಫೋಟೊಗಳೆಲ್ಲ ಹಾಗೆಯೇ ಇವೆ. ತಳಕ್ಕೆ ಹೋದೆ. ಈಗ ಕಟ್ಟುವವರಿಲ್ಲವಲ್ಲ, ಬಿಳಿ ಪಟ್ಟಿ ತಿರುಗಿ ಬಂದಿದೆ. ಸರಿಯಾಗಿ ಅವಳ ಸಾಲಿನ ಮೇಲೆ ಕೂತಿದೆ. ಬೆರಳಿನಿಂದ ಮೇಲೆ ಸರಿಸಿದೆ, ಕೆಳಗೆ ಸರಿಸಿದೆ. ಅದು ಅಲುಗಲಿಲ್ಲ. ಅಕ್ಷರಗಳ ತಲೆಕಟ್ಟು ಮಾತ್ರ ಹೊರಗೆ ಕಾಣುತ್ತದೆ. ಓದಲು ಬರುವವರಿಗೂ ಅದು ಹೆಸರೆಂದು ಗೊತ್ತಾಗದು. ನನಗೆ ಗೊತ್ತು.